ಗೇಟು ಬಿದ್ದಾಗ

ಟಾರ್ಚು ಹಿಡಿಯುವುದು ನನ್ನ ಕೆಲಸ.
ಒಂಬತ್ತು ಚಳಿಗಾಲ ಹಿಡಿದಿದ್ದೇನೆ.
ಸ್ವಲ್ಪ ಎಡಕ್ಕೆ, ಮೆನ್ನಾ, ಅನ್ನುತ್ತಾನೆ ಐವರ್.
ಎಡಕ್ಕೆಂದರೆ ನನ್ನ ಎಡವೋ ಅವನ ಎಡವೋ
ಇನ್ನೂ ಇತ್ಯರ್ಥವಾಗಿಲ್ಲ.

ಕಾರಿನ ಹೊಟ್ಟೆಯಡಿಯಿಂದ ಎರಡು ಬೂಟು ಮಾತ್ರ ಹೊರಗೆ.
ಚಾಸಿಸ್ಸು ಅವನೇ ಬೆಸೆದದ್ದು,
ಎಂಜಿನ್ನು ಗುಜರಿಗೆ ಬಿದ್ದ ಫೋರ್ಡಿನದು,
ಮೈ ಫೈಬರ್‌ಗ್ಲಾಸು, ನಮ್ಮ ಊಟದ ಮೇಜಿನ ಮೇಲೆ
ರೆಸಿನ್ ಹಚ್ಚಿ ಹಚ್ಚಿ ಎರಕ ತೆಗೆದದ್ದು;
ಆ ವರುಷ ಉಂಡದ್ದಕ್ಕೆಲ್ಲ ಅದೇ ವಾಸನೆ,
ಕ್ರಿಸ್‌ಮಸ್ಸಿನ ಬಾತುಕೋಳಿಗೂ.

ಸೂರಿಲ್ಲ ಈ ಕಾರಿಗೆ. ಬಾಗಿಲಿಲ್ಲ.
ಕಾಲೆತ್ತಿ, ಸ್ನಾನದ ತೊಟ್ಟಿಗೆ ಇಳಿದಂತೆ ಇಳಿಯಬೇಕು.
ಈಗ ಇದಕ್ಕೆ ಹಾಡು ಬೇಕಂತೆ!
ತಲೆಗೆ ಟೊಪ್ಪಿಯಿಲ್ಲ, ಕಿವಿಗೆ ಓಲೆ,
ಅಂದೆ. ಅವನಿಗೆ ಕೇಳಿಸಲಿಲ್ಲ.
ಮೂವತ್ತೆರಡು ವರುಷ ಸ್ಲೇಟುಗಣಿಯ ಗರಗಸದ ಪಕ್ಕ ನಿಂತವನು;
ಹಕ್ಕಿಯ ದನಿ, ಕೆಟಲಿನ ಸಿಳ್ಳೆ, ನನ್ನ ಮಾತಿನ ಸಕಾರಗಳು
ಒಂದೊಂದಾಗಿ ಆ ಪುಡಿಯೊಳಗೆ ಬಿದ್ದುಹೋಗಿವೆ.

ದೋಣಿಗೆ ಹಾಕುವ ಸ್ಪೀಕರು ತರಿಸಿದ,
ಮಳೆ ಕುಡಿದರೂ ಕೆಡದಂಥವು.
ಸೀಟಿನ ಹಿಂದೆ ಜಾಗವಿಲ್ಲ, ಪೆಟ್ರೋಲ್ ಟ್ಯಾಂಕಿದೆ.
ಡ್ಯಾಶಿನಲ್ಲಿ ಜಾಗವಿಲ್ಲ, ಅಲ್ಲಿ ಮುಳ್ಳುಗಳ ಸಂತೆ.
ಕೊನೆಗೆ ಕಾಲಿಡುವಲ್ಲಿ, ಮೊಣಕಾಲಿನ ಪಕ್ಕ,
ಅಲ್ಯುಮಿನಿಯಂ ತಗಡಿಗೆ ನನ್ನ ಪುಡಿಂಗ್ ಬಟ್ಟಲು ಬೋರಲಿಟ್ಟು
ಪೆನ್ಸಿಲಿನಲ್ಲಿ ಒಂದು ಸುತ್ತು ಎಳೆದ.
ಕೊರೆದ.
ಒಂಬತ್ತು ವರುಷ ಮುಚ್ಚುತ್ತ ಬಂದ ಮೈಗೆ
ತಾನೇ ತೂತು ಮಾಡುವಾಗ
ಕಣ್ಣು ಮುಚ್ಚಿದ್ದನ್ನು ನೋಡಿದೆ. ಟಾರ್ಚು ನನ್ನ ಕೈಲಿತ್ತಲ್ಲ.

ಕಬ್ಬಿಣದ ಕಾರಾಗಿದ್ದರೆ ಸುಲಭವಂತೆ:
ಹೋಗಲಿಕ್ಕೆ ಒಂದು ತಂತಿ, ಬರಲಿಕ್ಕೆ ಮೈಯೇ ದಾರಿ.
ಈ ಮೈಯಲ್ಲಿ ಕರೆಂಟು ಹೋದರೆ ಹೋಯಿತು.
ಹಿಂದಿರುಗುವ ದಾರಿಯನ್ನೂ ನಾವೇ ಹಾಕಬೇಕು,
ಒಂದೊಂದಕ್ಕೂ, ಬ್ಯಾಟರಿಯ ತನಕ, ಕಪ್ಪು ತಂತಿ.
ಇದನ್ನು ಹೇಳುವಾಗ ಅವನು ತತ್ತ್ವ ಹೇಳುತ್ತಿರಲಿಲ್ಲ,
ತಂತಿ ಸಾಲದೆ ಬೈಯುತ್ತಿದ್ದ.

ಹಾಡಿತು. ಹಾಡಿನ ಜೊತೆಗೊಂದು ಸೊಳ್ಳೆ:
ಎಂಜಿನ್ನು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ.
ಯಾವ ಸೊಳ್ಳೆ? ಅಂದ.
ಅವನ ಕಿವಿಗಿಂತ ಒಂದು ಗೇಣು ಮೇಲೆ ಹಾರುತ್ತಿತ್ತು ಅದು.
ಹೀಗೆ ಟಾರ್ಚಿನವಳಿಗೆ ಬಡ್ತಿ.
ಮೂರು ಶನಿವಾರ ನಾನೇ ಅವನ ಕಿವಿ.
ಅವನು ತಂತಿ ಬಿಚ್ಚಿ ಬೇರೆಡೆ ಬಿಗಿಯುವುದು,
ಪೆಡಲು ಒತ್ತಿ ನನ್ನ ಮುಖ ನೋಡುವುದು,
ನಾನು ತಲೆಯಾಡಿಸುವುದು: ಇದೆ. ಇದೆ. ಇನ್ನೂ ಇದೆ.
ಮದುವೆಯಾದ ಮೇಲೆ ಇಷ್ಟು ಹೊತ್ತು
ನನ್ನ ಮುಖ ಯಾರೂ ನೋಡಿರಲಿಲ್ಲ.
ನಾಲ್ಕನೆಯ ಶನಿವಾರ, ಹೋಯಿತು ಅಂದೆ.
ಪೂರ್ತಿ ಹೋಗಿರಲಿಲ್ಲ.

ಏಪ್ರಿಲಿನಲ್ಲಿ ಬಾರ್ಮತ್ ಕಡೆಗೆ, ಕಡಲ ಪಕ್ಕದ ರಸ್ತೆ.
ಐವತ್ತು ಮೈಲಿ ದಾಟಿದ್ದೇ ತಡ
ಗಾಳಿ, ಗೇರು, ನನ್ನ ಮೊಣಕೈ ಕೆಳಗೆ ಗುಡುಗುವ ಕೊಳವೆ,
ಹಾಡೂ ಇಲ್ಲ ಸೊಳ್ಳೆಯೂ ಇಲ್ಲ.
ಹೇಗಿದೆ? ಅವನ ತುಟಿ ಕೇಳಿತು.
ಹೆಬ್ಬೆರಳು ಎತ್ತಿದೆ.

ಆಮೇಲೆ ರೈಲ್ವೆ ಗೇಟು. ಕೆಂಪು ದೀಪ.
ನೀರು ಕುದಿದೀತೆಂದು ಎಂಜಿನ್ನು ಆರಿಸಿದ.
ಇದ್ದಕ್ಕಿದ್ದಂತೆ ನಮ್ಮ ಮೊಣಕಾಲುಗಳ ನಡುವೆ ಒಬ್ಬ ಗಂಡಸು
ದಪ್ಪ ದನಿಯಲ್ಲಿ, ನಮ್ಮದೇ ವೆಲ್ಷಿನಲ್ಲಿ,
ಕುರಿಸಂತೆಯ ದರ ಓದುತ್ತಿದ್ದ.
ಐವರ್ ಬಗ್ಗಿದ. ಇನ್ನೂ ಬಗ್ಗಿದ, ಸ್ಟಿಯರಿಂಗಿನ ಅಡಿಗೆ,
ಕೆಚ್ಚಲಿಗೆ ಕರು ತಲೆ ಕೊಟ್ಟ ಹಾಗೆ.
ಒಂದೊಂದು ಅಕ್ಷರವೂ ಕೇಳಿಸುತ್ತೆ, ಅಂದ.
ನಮ್ಮ ಮನೆಯಲ್ಲಿ ಒಂದೂ ಕುರಿಯಿಲ್ಲ.

ಎರಡು ಬೋಗಿಯ ರೈಲು ಹೋಯಿತು. ಗೇಟು ಎದ್ದಿತು.
ಹಿಂದಿನ ವ್ಯಾನಿನವನು ಹಾರ್ನು ಹೊಡೆದ, ಮತ್ತೆ ಹೊಡೆದ.
ಐವರನ ತಲೆ ಇನ್ನೂ ಅಲ್ಲೇ, ಕತ್ತಲಲ್ಲಿ.
ಹೇಳಬೇಕಾದವಳು ನಾನು.
ಹೇಳಲಿಲ್ಲ;
ಎರಡು ಹಲ್ಲಿನ ಟಗರುಗಳ ದರ ಇನ್ನೂ ಬಾಕಿಯಿತ್ತು.